ರಂಗನಾಥ ಗ್ಯಾಸಿನ ಹಡಗು ಹತ್ತಿದ ವರ್ಷ

ಹೊಳಲ್ಕೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ವಾರ್ಡನ್. ಹೋದ ವಾರ ಅಡುಗೆಮನೆಯಲ್ಲಿ ಸಿಲಿಂಡರ್ ಬದಲಾಯಿಸುವಾಗ ವಾಷರ್ ಸರಿಯಾಗಿ ಕೂರದೆ ಒಂದಿಷ್ಟು ಗ್ಯಾಸು ಹೊರಗೆ ಬಂತು. ಅಡುಗೆಯ ಶಾಂತಮ್ಮ ರೆಗ್ಯುಲೇಟರ್ ಕಿತ್ತು, ಕಿಟಕಿ ಬಾಗಿಲು ತೆಗೆದು, ಸೆರಗಿನಿಂದ ಗಾಳಿ ಬೀಸಿದಳು. ಕೊಳೆತ ಕೋಸಿನಂಥ ಆ ವಾಸನೆ ವರಾಂಡದವರೆಗೂ ಬಂದು ಕರಗಿಹೋಯಿತು. ಊಟ ಸ್ವಲ್ಪ ತಡವಾಯಿತು, ಅಷ್ಟೆ. ಆದರೆ ಆಫೀಸು ಕೋಣೆಗೆ ಬಂದು ಕೂತ ನಾನು ಸಂಜೆಯವರೆಗೂ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವಂತೆ. ಸೋರಿದರೆ ಜನಕ್ಕೆ ತಿಳಿಯಲಿ ಎಂದು ಬೇಕಂತಲೇ ಈ ನಾತ ಬೆರೆಸುತ್ತಾರಂತೆ. ಇದನ್ನು ನನಗೆ ಹೇಳಿದವನು ನನ್ನ ಮೈದುನ ರಂಗನಾಥ. ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ, ಹೊಸದುರ್ಗದ ನಮ್ಮ ಮನೆಯ ಹಿತ್ತಲಲ್ಲಿ ಕೂತು ಹೇಳಿದ. ಆ ವರ್ಷ ಅವನು ಹೇಳಿದ ಬೇರೆ ಮಾತುಗಳೂ ನನಗೆ ಹಾಗೇ ನೆನಪಿವೆ. ನನ್ನ ಬಗ್ಗೆ ಮಾತ್ರ ಏನೂ ನೆನಪಿಲ್ಲ. ಆಗ ನಾನು ಇದ್ದೆನೋ ಇಲ್ಲವೋ ಎನ್ನುವ ಹಾಗಿದ್ದೆ.

ನನ್ನ ಯಜಮಾನರು ತಿಪ್ಪೇಸ್ವಾಮಿ, ಗ್ಯಾಸ್ ಟ್ಯಾಂಕರ್ ಓಡಿಸುತ್ತಿದ್ದರು. ಸ್ವಂತ ಊರು ಮಾಡದಕೆರೆ. ಮದುವೆಯಾದ ಮೇಲೆ ಹೊಸದುರ್ಗದ ಪೇಟೆಯಿಂದ ಸ್ವಲ್ಪ ಆಚೆ ಮನೆ ಮಾಡಿದೆವು. ಮನೆಯಲ್ಲಿ ಅತ್ತೆ ಗೌರಮ್ಮ, ನಾನು, ನಮ್ಮ ಮಗಳು ಕಾವ್ಯ. ರಂಗನಾಥ ಯಜಮಾನರಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಆಮೇಲೆ ಇನ್ನೊಂದು ವರ್ಷ ಹಡಗಿನ ಎಂಜಿನ್ನಿನ ತರಬೇತಿ ಮುಗಿಸಿ, ತೊಂಬತ್ತೇಳರ ಹೊತ್ತಿಗೆ ಸಮುದ್ರಕ್ಕೆ ಹೋದ. ಸಮುದ್ರವನ್ನೇ ನೋಡದ ಮನೆಯಿಂದ ಹೋದವನು. ಅವನನ್ನು ಓದಿಸಿದವರು, ಎಲ್ಲರೂ ಬೇಡವೆಂದರೂ ಕಳಿಸಿದವರು ನಮ್ಮ ಯಜಮಾನರೇ. "ನಾನು ರೋಡಲ್ಲಿ ಇಂಜಿನ್ ಹೊಡೀತೀನಿ, ಅವನು ನೀರಲ್ಲಿ ಹೊಡೀಲಿ ಬಿಡ್ರಿ" ಎಂದು ನಗುತ್ತಿದ್ದರು.

ರಂಗನಾಥ ರಜಕ್ಕೆ ಬಂದನೆಂದರೆ ಬ್ಯಾಗು ತೆಗೆಯುವ ಮೊದಲೇ ಮನೆಯೆಲ್ಲ ವಾಸನೆ. ಅವನ ಹಡಗುಗಳಲ್ಲಿ ಸುಡುತ್ತಿದ್ದದ್ದು ಡಾಂಬರಿನಂಥ ಕಪ್ಪು ಎಣ್ಣೆ. ಕಾಯಿಸಿ ತೆಳ್ಳಗೆ ಮಾಡದಿದ್ದರೆ ಹರಿಯುವುದೂ ಇಲ್ಲವಂತೆ. ಅವನ ಬಟ್ಟೆಗಳನ್ನು ನಾನು ಮೂರು ನೀರಿನಲ್ಲಿ ಒಗೆದರೂ ಹಗ್ಗದ ಮೇಲೆ ಒಣಗುವಾಗ ರಸ್ತೆ ಕೆಲಸ ನಡೆಯುತ್ತಿರುವ ಹಾಗೆ ನಾತ. ಅವನ ಕೆಮ್ಮಿಗೂ ಒಂದು ಬಣ್ಣವಿತ್ತು. ಉಗಿದರೆ ಮೊದಲ ಒಂದು ವಾರ ಮಸಿ ಮಸಿಯಾಗಿ ಬರುತ್ತಿತ್ತು.

ಆ ವರ್ಷ ಭರಣಿ ಮಳೆ ಚೆನ್ನಾಗಿ ಬಿತ್ತು. ಹೈವೇಯನ್ನು ಆಗ ಅಗಲ ಮಾಡುತ್ತಿದ್ದರು. ಹಿರಿಯೂರು ದಾಟಿ ಶಿರಾ ಕಡೆಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಮಣ್ಣಿನ ಡೈವರ್ಷನ್. ಜವನಗೊಂಡನಹಳ್ಳಿ ಹತ್ತಿರ ಅಂಥದೊಂದು ತಿರುವಿನಲ್ಲಿ ನಮ್ಮ ಯಜಮಾನರ ಟ್ಯಾಂಕರ್ ಜಾರಿ ಮಗುಚಿಕೊಂಡಿತು. ಗ್ಯಾಸು ಸೋರಿತು, ಬೆಂಕಿ ಹತ್ತಿತು. ಅವರನ್ನು ಚಿತ್ರದುರ್ಗದ ಆಸ್ಪತ್ರೆಗೆ ತಂದಿದ್ದಾರೆ ಎಂದು ಯಾರೋ ಫೋನ್ ಮಾಡಿದರು. ನಾನು ಹೋದೆ. ಮುಖ ಬಿಟ್ಟು ಉಳಿದದ್ದೆಲ್ಲ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಪ್ರಜ್ಞೆ ಇತ್ತು. ನನ್ನನ್ನು ನೋಡಿ, "ಅಂಗಡಿಯಮ್ಮ ಉಳಿದ್ಲಾ?" ಎಂದು ಕೇಳಿದರು.

ಯಾವ ಅಂಗಡಿಯಮ್ಮ ಎಂದು ನನಗೆ ತಿಳಿಯಲಿಲ್ಲ. ಆದರೂ "ಉಳಿದ್ಲು" ಎಂದೆ.

"ಹಂಗಾದ್ರೆ ಸರಿ" ಎಂದರು. ಆಮೇಲೆ ನೀರು ಕೇಳಿದರು, ಕಾವ್ಯ ಉಂಡಳಾ ಎಂದು ಕೇಳಿದರು. ಮರುದಿನ ಬೆಳಗ್ಗೆ ಹೋಗಿಬಿಟ್ಟರು.

ನನಗೆ ಅಳು ಬರಲಿಲ್ಲ. ಮಾಡದಕೆರೆಯ ತೋಟದಲ್ಲಿ ಮಣ್ಣು ಮಾಡುವಾಗಲೂ ಬರಲಿಲ್ಲ. ಹೆಂಗಸರು ನನ್ನ ಬೆನ್ನು ತಟ್ಟಿ, ಗಲ್ಲ ಹಿಡಿದು ಅಲ್ಲಾಡಿಸಿ, "ಅತ್ತುಬಿಡವ್ವ, ಒಳಗೆ ಇಟ್ಕಬ್ಯಾಡ" ಎಂದರು. ಒಳಗೆ ಇಟ್ಟುಕೊಳ್ಳಲು ಏನಾದರೂ ಇದ್ದರೆ ತಾನೆ? ಬಾವಿಗೆ ಕೊಡ ಬಿಟ್ಟರೆ ಬರಿದೇ ನೆಲಕ್ಕೆ ತಾಗಿದ ಸದ್ದು. ಎರಡನೇ ವಾರ ವಿಧವಾ ವೇತನದ ಅರ್ಜಿ ಹಿಡಿದು ನಾನೇ ತಾಲ್ಲೂಕು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತೆ. ಪಕ್ಕದವರಿಗೆ ಪೆನ್ನು ಕೊಟ್ಟೆ. ಪೇಟೆಯಲ್ಲಿ ಎಂಥ ಗಟ್ಟಿ ಹೆಂಗಸಪ್ಪ ಎಂದು ಮಾತಾಡಿಕೊಂಡರಂತೆ.

ರಂಗನಾಥ ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಸುದ್ದಿ ಮುಟ್ಟಿದಾಗ ಅವನ ಹಡಗು ನಡುನೀರಿನಲ್ಲಿತ್ತು. ಮುಂದಿನ ಬಂದರು ಸಿಗುವವರೆಗೆ ಇಳಿಯುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತವನ ಎದೆಗೆ ಅತ್ತೆ ಎರಡೂ ಕೈಯಿಂದ ಗುದ್ದಿದರು.

"ಅಣ್ಣನ ಮುಖ ನೋಡಾಕೂ ಬರಲಿಲ್ವಲ್ಲೋ ರಂಗಾ. ನಿನ್ನೇ ಕಾಯ್ತಿದ್ದ ಕಣೋ."

ಅವನು ಗುದ್ದಿಸಿಕೊಂಡೇ ನಿಂತ. ಅವನು ಅತ್ತ. ನಾನು ಬ್ಯಾಗು ಇಸಕೊಂಡು ಹಿತ್ತಲಿಗೆ ಒಯ್ದೆ, ಬಟ್ಟೆ ನೆನೆಹಾಕಿದೆ.

ಅತ್ತೆ ಅಷ್ಟು ಹೊತ್ತಿಗೆ ಗ್ಯಾಸಿನ ಒಲೆಯನ್ನೂ ಸಿಲಿಂಡರನ್ನೂ ಮನೆಯಿಂದ ಹೊರಗೆ ಹಾಕಿಸಿದ್ದರು. ಏಜೆನ್ಸಿಯವರು ಬಂದು ಒಯ್ಯುವವರೆಗೆ ಅದರ ಹತ್ತಿರ ಕಾವ್ಯಳನ್ನು ಸುಳಿಯಗೊಡಲಿಲ್ಲ. ಹಿತ್ತಲಲ್ಲಿ ಕಲ್ಲಿಟ್ಟು ಒಲೆ ಹೂಡಿದೆವು. ನಮ್ಮ ಕಡೆ ತೆಂಗಿನ ಗರಿ, ಚಿಪ್ಪು, ಮಟ್ಟೆಗೇನು ಬರವಿಲ್ಲ. ಮಳೆಗೆ ನೆನೆದ ಮಟ್ಟೆ ಹೊಗೆಯಾಡುತ್ತಿತ್ತು. ಹೊಗೆಗೆ ಅತ್ತೆಯ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ನೋಡಿದವರು ನಾನು ಅಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದರೋ ಏನೋ.

ಕೃತ್ತಿಕೆ ಹೋಯಿತು, ರೋಹಿಣಿ ಬಂತು. ಕಾವ್ಯಳ ಶಾಲೆ ತೆರೆಯಿತು. ಜಡೆ ಹಾಕಿದೆ, ಬುತ್ತಿ ಕಟ್ಟಿದೆ. ಅವಳು ಅಪ್ಪನ ವಿಷಯ ಕೇಳಿದರೆ ಉತ್ತರ ಕೊಟ್ಟೆ. ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೆ. ಊಟ ಮಾಡುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಮಲಗುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಅದೇ ನನಗೆ ವಿಚಿತ್ರ ಅನಿಸುತ್ತಿತ್ತು. ಅತ್ತೆ ದಿನವೂ ಮಗನ ಹೆಸರು ಹಿಡಿದು ಹಾಡಿಕೊಂಡು ಅಳುವುದನ್ನು ಕೇಳುತ್ತಾ ಕಾಳು ಆರಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿದ್ದಾರೆ ಅನ್ನುವ ಹಾಗೆ.

ಮೃಗಶಿರದ ಒಂದು ಬೆಳಗ್ಗೆ ರಂಗನಾಥನ ಮೊಬೈಲಿಗೆ ಮುಂಬೈಯಿಂದ ಫೋನ್ ಬಂತು. ಅವನು ಎದ್ದು ಹಿತ್ತಲಿಗೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿದ. ಬಂದು ಒಲೆಯ ಎದುರು ಕುಕ್ಕರುಗಾಲಲ್ಲಿ ಕೂತ.

"ಏನಂತೆ?" ಎಂದರು ಅತ್ತೆ.

"ಹೊಸ ಹಡಗಿಗೆ ಕರೀತಾವ್ರೆ ಅವ್ವ. ಮೊದ್ಲು ಒಂದು ತರಬೇತಿ, ಆಮೇಲೆ ಜಾಯಿನ್ ಆಗ್ಬೇಕು."

"ಹೊಸಾದಂದ್ರೆ? ಎಣ್ಣೆ ಹಡಗೇ ತಾನೇ?"

ಅವನು ಒಲೆಗೆ ಒಂದು ಚಿಪ್ಪು ಹಾಕಿದ. ಸುಳ್ಳು ಹೇಳಬಹುದಿತ್ತು. ಅತ್ತೆಗೆ ಗೊತ್ತಾಗುವ ಸಂಗತಿಯಲ್ಲ ಅದು. "ಗ್ಯಾಸಿನ ಹಡಗು ಅವ್ವ. ಗ್ಯಾಸು ತುಂಬ್ಕಂಡೋಗ್ತೈತೆ. ಇಂಜಿನ್ನೂ ಆ ಗ್ಯಾಸಲ್ಲೇ ಓಡ್ತೈತೆ" ಎಂದ.

ಅತ್ತೆ ಕೈಯಲ್ಲಿದ್ದ ಊದುಗೊಳವೆಯನ್ನು ನೆಲಕ್ಕೆ ಕುಕ್ಕಿದರು. "ಒಬ್ಬನ್ನ ನುಂಗಿದ್ದು ಸಾಲ್ದಾ ಅದುಕ್ಕೆ? ನಿನ್ನ ಅಣ್ಣನ ಬೆಂದ ಮೈ ನೀನು ನೋಡ್ಲಿಲ್ಲ. ನಾನು ನೋಡಿದೀನಿ. ಹೋಗೋದಾದ್ರೆ ನನ್ನೂ ಮಣ್ಣು ಮಾಡಿ ಹೋಗು."

ಆ ದಿನವೆಲ್ಲ ಅತ್ತೆ ಉಪವಾಸ ಕೂತರು. ಮರುದಿನ ನಾನು ಬಟ್ಟೆ ಒಣಹಾಕುವಾಗ ರಂಗನಾಥ ಹತ್ತಿರ ಬಂದು, ಯಾರಿಗಾದರೂ ಹೇಳಲೇಬೇಕು ಅನ್ನುವವನಂತೆ ಹೇಳತೊಡಗಿದ.

"ಅತ್ತಿಗೆ, ಅದು ನಮ್ಮ ಅಡುಗೆ ಗ್ಯಾಸಲ್ಲ, ಬೇರೆ. ಅದನ್ನ ಸೊನ್ನೆಗಿಂತ ನೂರಾ ಅರವತ್ತು ಡಿಗ್ರಿ ಕೆಳಗೆ ತಣ್ಣಗೆ ಮಾಡ್ತಾರೆ. ನೀರಂಗೆ ಆಗ್ತೈತೆ. ಆರುನೂರು ಪಾಲು ಜಾಗದಾಗಿದ್ದಿದ್ದು ಒಂದು ಪಾಲಿಗೆ ಬರ್ತೈತೆ. ದೊಡ್ಡ ದೊಡ್ಡ ಫ್ಲಾಸ್ಕ್ ಇದ್ದಂಗೆ ಟ್ಯಾಂಕು. ಎಷ್ಟೇ ಜೋಪಾನ ಮಾಡಿದ್ರೂ ದಾರೀಲಿ ಒಂದಿಷ್ಟು ಕುದ್ದು ಆವಿಯಾಗ್ತೈತೆ. ಅದನ್ನ ಏನ್ ಮಾಡ್ಬೇಕು? ಹಿಂದೆ ಬಾಯ್ಲರಿಗೆ ಹಾಕಿ ಉಗಿ ಮಾಡೋರು. ಈಗ ಸೀದಾ ಇಂಜಿನ್ನಿಗೇ ಕೊಡೋ ಹಡಗು ಬಂದವೆ. ನಾರ್ವೆ ಅಂತ ದೇಶದಾಗೆ ಜನ ದಾಟಿಸೋ ಹಡಗೂ ಗ್ಯಾಸಲ್ಲೇ ಓಡ್ತೈತೆ. ಗ್ಯಾಸು ಸಾಗಿಸಾಕಲ್ಲ, ಸುಮ್ನೆ ಓಡಾಕೆ. ಮುಂದೆ ಎಲ್ಲಾ ಕಡೆ ಇದೇ ಬರ್ತೈತೆ ಅಂತಾರೆ."

ನಾನು ಅವನ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದೆ. "ಹೌದಾ" ಎಂದೆ.

"ಹೊಗೆ ಇಲ್ಲ ಅತ್ತಿಗೆ. ಮಸಿ ಇಲ್ಲ. ಎಣ್ಣೆ ಹಡಗಲ್ಲಿ ನಾನು ಇನ್ನು ಎಷ್ಟು ವರ್ಷ ಹೊಗೆ ಕುಡೀಲಿ?"

ನನಗೆ ಪರವಾಗಿಲ್ಲ ಎಂದೂ ಅನಿಸಲಿಲ್ಲ, ಬೇಡ ಎಂದೂ ಅನಿಸಲಿಲ್ಲ. ಅವನ ಮುಖದಲ್ಲಿ ಅವನ ಅಣ್ಣನ ಹುಬ್ಬು ಕಾಣುತ್ತಿತ್ತು. ಅದನ್ನು ನೋಡುತ್ತಿದ್ದೆ. ಒಂದು ಫೋಟೋ ನೋಡಿದ ಹಾಗೆ.

ಆರಿದ್ರದ ಜಿಟಿಜಿಟಿ ಹಿಡಿದಿದ್ದಾಗ ಜವನಗೊಂಡನಹಳ್ಳಿಯಿಂದ ಒಬ್ಬ ಹಾಲಿನ ವ್ಯಾಪಾರಿ ಬಂದ. ಹೈವೇ ಪಕ್ಕದ ಟೀ ಅಂಗಡಿಯ ಮಾರಕ್ಕ ನಮ್ಮನ್ನು ನೋಡಬೇಕೆಂದು ಹೇಳಿಕಳಿಸಿದ್ದಳು. ಕಾಲು ನೋವು, ಅವಳೇ ಬರಲಾರಳಂತೆ. ಅತ್ತೆ ಆ ಜಾಗದ ಹೆಸರು ಕೇಳಿಯೇ ಎದ್ದು ಒಳಗೆ ಹೋದರು. "ನೀವು ಬರ್ತೀರಾ ಅತ್ತಿಗೆ?" ಎಂದ ರಂಗನಾಥ. ಹೂಂ ಎಂದೆ. ಹೋಗುವುದಕ್ಕೂ ಹೋಗದೆ ಇರುವುದಕ್ಕೂ ನನಗೆ ವ್ಯತ್ಯಾಸವಿರಲಿಲ್ಲ.

ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಇಳಿದಾಗ ಮಳೆ ನಿಂತಿತ್ತು. ಡೈವರ್ಷನ್ ಇನ್ನೂ ಹಾಗೇ ಇತ್ತು. ರಸ್ತೆ ಪಕ್ಕದ ಜಾಲಿ ಗಿಡಗಳು ಒಂದು ಕಡೆ ಪೂರ್ತಿ ಕರಿಕಾಗಿ, ಬುಡದಲ್ಲಿ ಹಸಿರು ಚಿಗುರುತ್ತಿದ್ದವು. ಮಾರಕ್ಕನ ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ಹೊಸ ತಗಡು. ಅರವತ್ತು ದಾಟಿದ ಹೆಂಗಸು. ನಾವು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದಳು. ರಂಗನಾಥನ ಮುಖ ನೋಡಿದರೆ ಸಾಕಾಗಿತ್ತು.

"ಬರ್ರಿ, ಕುಂತ್ಕಳ್ರಿ" ಎಂದು ಬೆಂಚು ಒರೆಸಿದಳು. ಟೀ ಕಾಯಿಸಿ ಕೊಟ್ಟು ನನ್ನ ಎದುರು ನೆಲದ ಮೇಲೇ ಕೂತಳು.

"ಅವತ್ತು ದಡಾರ್ ಅಂತ ಸದ್ದಾತು. ಲಾರಿ ಬಿತ್ತು ಅಂತ ನಾನು ಎದ್ದು ನೋಡ್ತಿದ್ದೆ. ಅಷ್ಟ್ರಾಗೆ ಆ ಕೆಟ್ಟ ವಾಸನೆ. ಯಾವುದೋ ಪ್ರಾಣಿ ಸತ್ತೈತೇನೋ ಅಂದ್ಕಂಡೆ. ನಿಮ್ಮ ಯಜಮಾನ್ರು ಕುಂಟ್ಕಂಡು ಕುಂಟ್ಕಂಡು ಓಡಿ ಬಂದ್ರು ಕಣಮ್ಮ. 'ಒಲೆ ಆರಿಸ್ರಿ, ಒಲೆ ಆರಿಸ್ರಿ, ಗ್ಯಾಸು ನೆಲದ ಮ್ಯಾಲೆ ಹರ್ಕಂಡು ಬರ್ತೈತೆ' ಅಂತ ಕೂಗ್ತಿದ್ರು. ನನಗೆ ಕೈಕಾಲೇ ಆಡ್ಲಿಲ್ಲ. ಅವರೇ ಹಂಡೆ ಎತ್ತಿ ಒಲೆಗೆ ಸುರುವಿದ್ರು. ಬೆಂಚಿನ ಮ್ಯಾಲೆ ಟೀ ಕುಡೀತಿದ್ದೋರ್ನೆಲ್ಲ ಬೈದು ಓಡಿಸಿದ್ರು. ನನ್ನ ಕೈ ಹಿಡ್ದು ಆ ಕೆರೆ ಏರಿ ತಂಕ ಎಳ್ಕಂಡೋದ್ರು."

"ಅವರೂ ಏರಿ ಮೇಲೆ ಬಂದ್ರಾ?" ಎಂದ ರಂಗನಾಥ.

"ಬಂದ್ರಪ್ಪ. ನನ್ನ ಜತೆಗೇ ನಿಂತಿದ್ರು. ನಿಂತಿದ್ರೆ ಉಳೀತಿದ್ರು. ಆ ಕಡೆಯಿಂದ ಒಂದು ವ್ಯಾನು ಬರೋದು ಕಾಣ್ತು. ಅಯ್ಯೋ, ಅವನಿಗೆ ಗೊತ್ತಿಲ್ಲ ಅಂದ್ರು. ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಬೀಸ್ಕಂತ ಇಳಿದು ಓಡಿದ್ರು. ವ್ಯಾನಿನೋನು ನಿಂತ, ಹಿಂದಕ್ಕೆ ಹೋದ. ಆಮ್ಯಾಲೆ ಎಲ್ಲಿಂದ ಕಿಡಿ ಬಂತೋ ದೇವ್ರಿಗೇ ಗೊತ್ತು."

ರಂಗನಾಥ ಎದ್ದು ಅಂಗಡಿಯ ಹಿಂದಕ್ಕೆ ಹೋದ. ಅವನು ಬಿಕ್ಕುವುದು ತಗಡಿನ ಈಚೆಗೂ ಕೇಳಿಸುತ್ತಿತ್ತು. ಮಾರಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟೆ.

"ಆಸ್ಪತ್ರೇಲಿ ನಿಮ್ಮನ್ನ ಕೇಳಿದ್ರು" ಎಂದೆ. "ಉಳಿದ್ರಿ ಅಂತ ಹೇಳಿದೆ."

ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ನನಗೆ ಇಡೀ ಮಾತು ಅರ್ಥವಾಗಿತ್ತು. ಏರಿ ಮೇಲೆ ನಿಂತಿದ್ದರು, ಇಳಿದು ಓಡಿದರು. ಯಾರದೋ ಮನೆಯಲ್ಲಿ ನಡೆದ ಕಥೆಯ ಹಾಗೆ ಎಲ್ಲವೂ ಸ್ಪಷ್ಟವಾಗಿತ್ತು. ಮುಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ರಂಗನಾಥ ನನ್ನ ಪಕ್ಕದ ಸೀಟಿನಲ್ಲಿದ್ದ. ಕಿಟಕಿಯಾಚೆ ನೆನೆದ ಹೊಲಗಳು. ಬಹಳ ದಿನಗಳ ಮೇಲೆ ನನ್ನ ಬಾಯಿಂದ ತಾನಾಗಿ ಒಂದು ಮಾತು ಬಂತು.

"ನಿನ್ನ ಹಡಗಿನ ಗ್ಯಾಸಿಗೂ ಇದೇ ವಾಸನೆ ಇರ್ತೈತಾ?"

"ಇಲ್ಲ ಅತ್ತಿಗೆ. ಅದಕ್ಕೆ ವಾಸನೆ ಬೆರೆಸಲ್ಲ. ಅಷ್ಟು ತಣ್ಣಗಿರೋದ್ರಾಗೆ ಅದು ನಿಲ್ಲಲ್ಲ."

"ಮತ್ತೆ ಸೋರಿದ್ರೆ ಹೆಂಗೆ ಗೊತ್ತಾಗ್ತೈತೆ? ಮಾರಕ್ಕಂಗೆ ವಾಸನೆ ಬಂತು. ನಿಮ್ಮಣ್ಣ ಹೇಳಾಕಿದ್ರು. ಅಲ್ಲಿ ನಿಂಗೆ ಯಾರು ಹೇಳ್ತಾರೆ?"

ಅವನು ನನ್ನ ಕಡೆ ತಿರುಗಿದ. ಅಣ್ಣ ಸತ್ತ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ಅದು ಎಂದು ಆಮೇಲೆ ಎಷ್ಟೋ ವರ್ಷಕ್ಕೆ ಹೇಳಿದ.

"ಇಂಜಿನ್ ಕೋಣೆಗೆ ಗ್ಯಾಸು ಬರೋ ಕೊಳವೆ ಒಳಗೆ ಇನ್ನೊಂದು ಕೊಳವೆ ಇರ್ತೈತೆ ಅತ್ತಿಗೆ. ಒಳಗಿನದ್ರಾಗೆ ಗ್ಯಾಸು. ಎರಡರ ನಡುವೆ ಗಾಳಿ ಎಳೀತಿರ್ತಾರೆ. ಆ ಗಾಳೀಲಿ ಒಂಚೂರು ಗ್ಯಾಸು ಕಂಡ್ರೂ ಯಂತ್ರಕ್ಕೆ ಗೊತ್ತಾಗ್ತೈತೆ. ತಕ್ಷಣ ಗ್ಯಾಸು ನಿಂತು ಇಂಜಿನ್ನು ತಾನಾಗೇ ಎಣ್ಣೆಗೆ ಹೋಗ್ತೈತೆ. ಇದು ಬೆಚ್ಚಗಾದ್ರೆ ಮೇಲಕ್ಕೆ ಏರಿ ಹೋಗ್ತೈತೆ, ನಮ್ಮ ಅಡುಗೆ ಗ್ಯಾಸಿನಂಗೆ ನೆಲದ ಮೇಲೆ ಹರ್ಕಂಡು ಬರಲ್ಲ."

"ಯಂತ್ರ ಕೆಟ್ರೆ?"

"ಕೆಡಬಾರ್ದು ಅಂತ್ಲೇ ನಾವಿರೋದು." ಮುಂದಿನ ಸೀಟಿನ ಕಂಬಿ ಹಿಡಿದು, "ನಂಗೂ ಭಯ ಐತೆ ಅತ್ತಿಗೆ. ಅವ್ವನ ಮುಂದೆ ಹೇಳಕ್ಕಾಗಲ್ಲ. ಆದ್ರೆ ಅಣ್ಣನ ಕೈ ತಪ್ಪಿದ್ದು ಗ್ಯಾಸಿಂದಲ್ಲ, ಆ ಮಣ್ಣಿನ ರಸ್ತೆಯಿಂದ. ಗ್ಯಾಸು ಏನು ಮಾಡ್ತೈತೆ ಅಂತ ಅವನಿಗೆ ಗೊತ್ತಿದ್ದಕ್ಕೆ ಅಷ್ಟು ಜನ ಉಳಿದ್ರು. ನಾನೂ ಅದನ್ನ ಕಲೀಬೇಕು" ಎಂದ.

ಮನೆಗೆ ಬಂದು ಅವನು ಮಾರಕ್ಕ ಹೇಳಿದ್ದನ್ನೆಲ್ಲ ಅತ್ತೆಗೆ ಹೇಳಿದ. ಅತ್ತೆ ಗೋಡೆಗೆ ಒರಗಿ ಕೇಳಿದರು. ನಡುವೆ ಒಮ್ಮೆಯೂ ಅಳಲಿಲ್ಲ. ಮಗ ಯಾರದೋ ಕೈ ಹಿಡಿದು ಏರಿ ಹತ್ತಿಸಿದ ಎನ್ನುವಾಗ ಮಾತ್ರ ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಉಂಡರು. ಆದರೆ ಹಡಗಿನ ಮಾತಿಗೆ ಒಪ್ಪಲಿಲ್ಲ. ಮುಂಬೈಯಿಂದ ಫೋನುಗಳು ಬರುತ್ತಲೇ ಇದ್ದವು. ಆ ಕೆಲಸ ಬಲ್ಲವರು ಆಗ ಕಡಿಮೆ. ಗ್ಯಾಸಿನ ಹಡಗುಗಳು ಮಾತ್ರ ಒಂದರ ಹಿಂದೆ ಒಂದು ನೀರಿಗಿಳಿಯುತ್ತಿದ್ದವು. ಪುಷ್ಯ ಮಳೆಯ ಹೊತ್ತಿಗೆ ಅವರು ಕೊನೆಯ ಗಡುವು ಹೇಳಿದರು.

ಅವತ್ತು ಅತ್ತೆ ನಮ್ಮಿಬ್ಬರನ್ನೂ ನಡುಮನೆಯಲ್ಲಿ ಕೂರಿಸಿಕೊಂಡರು.

"ನಂಗೆ ಹೇಳಾಕೆ ಆಗಲ್ಲ ಕಣಪ್ಪ. ಹೋಗು ಅಂದ್ರೆ ನಾಳೆ ಏನಾರ ಆದ್ರೆ ನಾನೇ ಕಳಿಸ್ದಂಗೆ. ಬ್ಯಾಡ ಅಂದ್ರೆ ನೀನು ಇಲ್ಲೇ ಕುಂತು ನನ್ನ ಮುಖ ನೋಡ್ಕಂಡು ಒಣಗ್ತೀಯ. ಗಂಡನ್ನ ಕಳ್ಕಂಡೋಳು ಸುಜಾತ. ಗ್ಯಾಸು ಏನು ಅಂತ ಅವಳಿಗೆ ಗೊತ್ತೈತೆ. ಅವಳು ಏನಂತಾಳೋ ಅದೇ."

ಇಬ್ಬರೂ ನನ್ನ ಕಡೆ ನೋಡಿದರು. ಹೊರಗೆ ತೆಂಗಿನ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ನನ್ನೊಳಗೆ ಹುಡುಕಿದೆ. ಭಯ ಇದೆಯೇ, ಸಿಟ್ಟು ಇದೆಯೇ, ಅವನ ಮೇಲೆ ಮಮತೆ ಇದೆಯೇ ಎಂದು. ಕತ್ತಲೆ ಕೋಣೆಯಲ್ಲಿ ಗೂಡಿಗೆ ಕೈ ಹಾಕಿ ಬೆಂಕಿಪೊಟ್ಟಣ ತಡಕಿದ ಹಾಗೆ. ಏನೂ ಸಿಗಲಿಲ್ಲ.

"ಹೋಗ್ಲಿ" ಎಂದೆ.

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. "ನಿನ್ನಂಥ ದೊಡ್ಡ ಮನಸು ಯಾರಿಗೈತೆ" ಎಂದರು. ಬೀದಿಯವರೂ ಹಾಗೇ ಅಂದರು. ಮನಸ್ಸು ದೊಡ್ಡದೋ ಚಿಕ್ಕದೋ, ಇದ್ದರಲ್ಲವೇ ಗೊತ್ತಾಗುವುದು.

ರಂಗನಾಥ ಹೋದ. ಬಸ್ ಸ್ಟ್ಯಾಂಡಿನವರೆಗೆ ನಾನೂ ಕಾವ್ಯಳೂ ಹೋಗಿದ್ದೆವು. ತರಬೇತಿ ಮುಗಿದ ಮೇಲೆ ಒಮ್ಮೆ ಫೋನ್ ಮಾಡಿದ. ಕೊರಿಯಾದ ಒಂದು ಬಂದರಿನಲ್ಲಿ ಹಡಗು ಹತ್ತಿದ ದಿನ ಇನ್ನೊಮ್ಮೆ ಮಾಡಿದ. "ಇನ್ನು ಗ್ಯಾಸು ತುಂಬ್ಕಳಾಕೆ ಹೋಗ್ತಿದೀವಿ. ತುಂಬ್ಕಂಡು ಹೊರಟ ಮೇಲೆ ಮಾಡ್ತೀನಿ. ಗೌರಿ ಹಬ್ಬದೊಳಗೆ ಮಾಡ್ತೀನಿ" ಎಂದ.

ಗೌರಿ ಹಬ್ಬ ಬಂತು. ನಮ್ಮ ಮನೆಗೆ ಆ ವರ್ಷ ಹಬ್ಬವಿಲ್ಲ. ಫೋನೂ ಬರಲಿಲ್ಲ. ಹಡಗಿನಲ್ಲಿ ಕೆಲಸ ಹೆಚ್ಚಿರುತ್ತದೆ ಎಂದುಕೊಂಡೆ. ಗಣಪತಿ ಬಿಡುವುದೂ ಮುಗಿಯಿತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಕುಕ್ಕರು ಜೋರಾಗಿ ಕೂಗಿತು. ನನ್ನ ಕೈಯಿಂದ ತಟ್ಟೆ ಜಾರಿತು. ಎದೆ ಹೊಡೆದುಕೊಳ್ಳತೊಡಗಿತು. ಏನಾಗುತ್ತಿದೆ ಎಂದು ಮೊದಲು ಗೊತ್ತೇ ಆಗಲಿಲ್ಲ. ಅದು ಭಯ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಾಸನೆಯೇ ಇಲ್ಲದ ಗ್ಯಾಸು, ನೀರಿನ ನಡುವೆ ಒಂದು ಕಬ್ಬಿಣದ ಕೋಣೆ, ಅಲ್ಲಿ ಆ ಹುಡುಗ. ಓಡಿಹೋಗಿ ನಿಲ್ಲಲು ಅಲ್ಲಿ ಕೆರೆ ಏರಿ ಕೂಡ ಇಲ್ಲ. ಹೋಗಲಿ ಎಂದವಳು ನಾನು.

ಅಲ್ಲಿಂದ ಆಚೆಗೆ ನನಗೆ ನಿದ್ದೆ ಹೋಯಿತು. ಅನ್ನ ಇಳಿಯಲಿಲ್ಲ. ಬೆಳಗ್ಗೆ ಎದ್ದರೆ ಫೋನಿನ ಹತ್ತಿರ, ನೀರು ತಂದರೆ ಫೋನಿನ ಹತ್ತಿರ. ರಿಸೀವರ್ ಎತ್ತಿ ಸದ್ದು ಇದೆಯೇ ಎಂದು ಕೇಳಿ ಇಡುತ್ತಿದ್ದೆ. ಎತ್ತಿದ ಆ ಕ್ಷಣದಲ್ಲೇ ಅವನು ಮಾಡಿದ್ದರೆ ಎಂದು ಮತ್ತೆ ಸಂಕಟ. ಮುಂಬೈ ಆಫೀಸಿಗೆ ಮಾಡಿ ಕೇಳಿದೆ. ಹಡಗು ಚೆನ್ನಾಗಿದೆ, ಮಾತಾಡುವ ಉಪಕರಣದಲ್ಲಿ ಏನೋ ತೊಂದರೆ ಇದೆ ಎಂದರು. ನಂಬಲಿಲ್ಲ. ಅತ್ತೆಗೆ ಗೊತ್ತಾಗಬಾರದೆಂದು ಮುಖ ಗಟ್ಟಿ ಮಾಡಿಕೊಂಡು ಓಡಾಡಿದೆ. ಮೊದಲು ಗಟ್ಟಿಯಾಗಿರಲು ಏನೂ ಮಾಡಬೇಕಿರಲಿಲ್ಲ. ಈಗ ಒಂದೊಂದು ಗಳಿಗೆಗೂ ಹಲ್ಲು ಕಚ್ಚಬೇಕಾಯಿತು.

ಈಗ ನೋಡಿದರೆ ಆ ಭಯಕ್ಕೆ ಅರ್ಥವಿರಲಿಲ್ಲ. ರಂಗನಾಥ ಇವತ್ತು ಚೀಫ್ ಎಂಜಿನಿಯರ್. ಹೆಂಡತಿ ಮಕ್ಕಳೊಂದಿಗೆ ಮಂಗಳೂರಿನಲ್ಲಿದ್ದಾನೆ. ಅವನು ಹೇಳಿದ್ದೇ ನಿಜವಾಯಿತು. ಗ್ಯಾಸು ಸಾಗಿಸುವ ಹಡಗುಗಳಷ್ಟೇ ಅಲ್ಲ, ಸರಕು ತುಂಬಿದ ಕಂಟೇನರು, ಕಾರು ಹೊತ್ತೊಯ್ಯುವ ಹಡಗುಗಳೂ ಅದನ್ನೇ ಉರುವಲಾಗಿ ತುಂಬಿಕೊಳ್ಳುತ್ತಿವೆಯಂತೆ. ಆದರೂ ಎಂಜಿನ್ನಿನಲ್ಲಿ ಪೂರ್ತಿ ಉರಿಯದೆ ಆಕಾಶಕ್ಕೆ ಹೋಗುವ ಗ್ಯಾಸು ಒಳ್ಳೆಯದಲ್ಲ, ಹೊಗೆ ಕಾಣದಿದ್ದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲ್ಲ ಎಂದೂ ಅವನೇ ಹೇಳುತ್ತಾನೆ. ಅವನು ಈಗ ಕೆಮ್ಮುವುದಿಲ್ಲ. ನಾನು ಅದರ ಮರುವರ್ಷ ಪರೀಕ್ಷೆ ಕಟ್ಟಿ ಈ ಕೆಲಸಕ್ಕೆ ಬಂದೆ. ಅತ್ತೆ ನನ್ನ ಜೊತೆಯಲ್ಲೇ ಹೊಳಲ್ಕೆರೆಗೆ ಬಂದು, ಇಲ್ಲೇ ಹಾಸ್ಟೆಲಿನ ಹುಡುಗಿಯರಿಗೆ ಅಜ್ಜಿಯಾಗಿ ಇದ್ದು ಹೋದರು. ಅದೆಲ್ಲ ಆಮೇಲಿನದು. ಆಗ ಮಾತ್ರ ನನಗೆ ಮುಂದೆ ಏನೂ ಕಾಣುತ್ತಿರಲಿಲ್ಲ.

ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ ಕಾವ್ಯಳಿಗೆ ಜಡೆ ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು. ಬಾಚಣಿಗೆ ಹಿಡಿದೇ ಓಡಿದೆ.

"ಅತ್ತಿಗೆ, ನಾನು ರಂಗನಾಥ. ಕೇಳಿಸ್ತೈತಾ? ಇಷ್ಟು ದಿನ ಲೈನೇ ಸಿಗ್ತಿರಲಿಲ್ಲ. ಗ್ಯಾಸು ತುಂಬ್ಕಂಡು ಹೊರಟ್ವಿ. ಎಣ್ಣೆಯಿಂದ ಗ್ಯಾಸಿಗೆ ನಾನೇ ಬದಲಾಯಿಸ್ದೆ. ಇಂಜಿನ್ನಿನ ಸದ್ದೇ ಬದಲಾಗ್ಲಿಲ್ಲ ಅತ್ತಿಗೆ. ಹೊರಗೆ ಬಂದು ಚಿಮಣಿ ನೋಡ್ದೆ. ಹೊಗೇನೇ ಇಲ್ಲ. ಬರೀ ಆಕಾಶ. ಹಲೋ? ಅತ್ತಿಗೆ? ಕೇಳಿಸ್ತೈತಾ?"

ನನ್ನ ಗಂಟಲಿನಿಂದ ಒಂದು ಸದ್ದು ಬಂತು. ಅದು ನನ್ನದೆಂದು ನನಗೇ ತಿಳಿಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ರಿಸೀವರ್ ವೈರಿನಲ್ಲಿ ತೂಗಾಡುತ್ತಿತ್ತು. ಅದರೊಳಗಿಂದ ಅವನು ಅತ್ತಿಗೆ, ಅತ್ತಿಗೆ ಎನ್ನುತ್ತಲೇ ಇದ್ದ.

ಅತ್ತೆ ಹಿತ್ತಲಿಂದ ಓಡಿ ಬಂದರು. ನನ್ನನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ನನ್ನ ಭುಜ ಹಿಡಿದರು.

"ಲೇ ಸುಜಾತಾ, ರಂಗಂಗೇನಾತು? ಹೇಳೇ, ರಂಗಂಗೇನಾತು?"

"ಏನೂ ಆಗಿಲ್ಲ ಅತ್ತೆ. ಚೆನ್ನಾಗವ್ನೆ. ಅವನೇ ಮಾತಾಡ್ತಾವ್ನೆ."

"ಮತ್ಯಾಕೆ ಹಿಂಗಳ್ತೀಯೇ?"

ಮದುವೆಯಾದಾಗಿನಿಂದ ನಾನು ಯಾರೆದುರೂ ಯಜಮಾನರ ಹೆಸರು ಹೇಳಿದವಳಲ್ಲ. ಆ ಬೆಳಗ್ಗೆ, ಇದೀಗ ಯಾರೋ ಬಂದು ನನಗೆ ಸುದ್ದಿ ಮುಟ್ಟಿಸಿದ ಹಾಗೆ, ಅವರ ತಾಯಿಗೇ ಹೇಳಿದೆ.

"ತಿಪ್ಪೇಸ್ವಾಮಿ ಸತ್ತೋದ್ರಲ್ಲ ಅತ್ತೆ."

ಅತ್ತೆ ನನ್ನ ಪಕ್ಕ ನೆಲದ ಮೇಲೆ ಕೂತರು. "ಹೌದು ಕಣವ್ವ" ಎಂದರು.